ಬಾಣಂತಿಯ ಪರವಾಗಿ

ಬಾಣಂತಿಯ ಮನಸ್ಸು ಹೇಗಿದೆಯೆಂದು ತಿಳಿಯಲು, ಅವಳ ತವರುಮನೆಗೆ ಬಂದ ನರ್ಸ್ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟಳು. ಹೆಂಡತಿಯ ಕೈಯಲ್ಲಿ ಮಗುವಿತ್ತು, ಗಂಡನೇ ತುಂಬಿಕೊಟ್ಟ.

ಓದಿ ಮುಗಿಸಿದ ನರ್ಸ್ ಬಾಣಂತಿಯ ತಾಯಿಯತ್ತ ತಿರುಗಿದಳು.

"ಅಮ್ಮಾ, ನಿಮ್ಮ ಮಗಳಿಗೆ ನಿದ್ದೆಯೇ ಇಲ್ಲ. ನಗು ಬರಲ್ಲವಂತೆ, ಸುಮ್ಮಸುಮ್ಮನೆ ಅಳು ಬರುತ್ತಂತೆ. ಇದನ್ನ ಹಾಗೇ ಬಿಡಬಾರದು."

"ನನಗಾ?" ಎಂದಳು ಬಾಣಂತಿ. "ಹಾಲು ಕುಡಿಸಿ ಮಲಗಿದ್ರೆ ನನಗೆ ಮೈಮೇಲೆ ಎಚ್ಚರ ಇರಲ್ಲ ಸಿಸ್ಟರ್. ಆಮೇಲೆ ಎತ್ಕೊಂಡು ಓಡಾಡೋದೆಲ್ಲ ಇವರು."

ನರ್ಸ್ ಗಂಡನನ್ನು ನೋಡಿದಳು. "ಮತ್ತೆ ಇದನ್ನೆಲ್ಲ ಯಾರನ್ನ ಕೇಳಿ ಬರೆದ್ರಿ?"

"ಪ್ರಶ್ನೆ ಓದ್ತಾ ಹೋದೆ," ಅವನು ತಲೆ ತಗ್ಗಿಸಿದ. "ಕೈ ತಾನಾಗೇ ಬರೀತಾ ಹೋಯ್ತು."

ಅತ್ತೆ ಅವನನ್ನೇ ಒಂದು ಗಳಿಗೆ ನೋಡಿ, ಒಳಗಿದ್ದ ಕಿರಿಮಗಳನ್ನು ಕೂಗಿದರು:

"ಇನ್ನೊಂದು ಹಂಡೆ ನೀರು ಕಾಯೋಕಿಡೇ. ಅಳಿಯಂದಿರಿಗೂ ಬಾಣಂತನ ಮಾಡ್ಬೇಕು."