ಫ್ಯಾನ್ ಕೇಳಿದವಳು

ಇವತ್ತು ಮೊಮ್ಮಗಳು ಕಾಟನ್ ಸೀರೆಗೆ ಗಂಜಿ ಹಾಕ್ತಿದ್ಲು. ಆ ವಾಸನೆಗೆ ಬಂಗಾಳದಲ್ಲಿ ಗರಿಯಾಹಾಟ್ ಹತ್ರದ ನಮ್ಮ ಹಳೇ ಮನೆ, ಬರಗಾಲದ ಒಂದು ಮಧ್ಯಾಹ್ನ ನೆನಪಾಯ್ತು.

ಬಾಗಿಲಲ್ಲಿ ಒಬ್ಬ ಹೆಂಗಸು ಮಗು ಎತ್ಕೊಂಡು ನಿಂತಿದ್ಲು. "ಏಕ್ಟು ಫ್ಯಾನ್ ದಾವ್ ಮಾ" ಅಂದ್ಲು. ಸ್ವಲ್ಪ ಫ್ಯಾನ್ ಕೊಡಮ್ಮ ಅಂತ. ಬಂಗಾಳಿಯಲ್ಲಿ ಫ್ಯಾನ್ ಅಂದ್ರೆ ಅನ್ನ ಬಸಿದ ಗಂಜಿ. ಮೈಸೂರಿಂದ ಹೊಸದಾಗಿ ಬಂದಿದ್ದ ನಮ್ಮಮ್ಮನಿಗೆ ಗೊತ್ತಿದ್ದಿದ್ದು ತಲೆ ಮೇಲೆ ತಿರುಗೋದು ಮಾತ್ರ.

"ಪಾಪ, ಸೆಖೆಗೆ ಬೆಂದುಹೋಗಿದಾಳೆ. ಬಾಮ್ಮ, ಕೂತ್ಕೋ" ಅಂತ ಒಳಗೆ ಕೂರಿಸಿ ಸ್ವಿಚ್ ಹಾಕಿದ್ರು. ಅವಳು ಮೇಲೆ ನೋಡಿದ್ಲು, ಅಮ್ಮನ್ನ ನೋಡಿದ್ಲು. ಅವಳ ಮುಖ ನೋಡಿ ನಂಗೆ ಕಿಸಕ್ಕಂತ ನಗು ಬಂತು.

ಆಮೇಲೆ ಅಮ್ಮ ಅಪ್ಪನ ಬಿಳೀ ಶರ್ಟು ಅದ್ದೋಕೆ ಗಂಜಿ ಬಕೆಟ್ ತಂದಿಟ್ರು. ಬಟ್ಟೆಗೆ ಹಾಕೋ ನೀಲಿನ ಆಗ್ಲೇ ಅದಕ್ಕೆ ಕಲಸಿದ್ರು. ಇಟ್ಟಿದ್ದೇ ತಡ, ಅವಳು ಬೊಗಸೇಲಿ ಮೊಗೆದು ಮಗುವಿಗೆ ಕುಡಿಸಿಬಿಟ್ಲು.

"ಅಯ್ಯೋ, ಅದು ಬಟ್ಟೆಗೆ ಕಣೇ" ಅಂತ ಅಮ್ಮ ಕೂಗಿದ್ದು ಕನ್ನಡದಲ್ಲಿ. ಅವಳಿಗೆ ಬೈದ ಹಾಗೆ ಕೇಳಿಸಿರ್ಬೇಕು. ಮಗುವಿನ ನೀಲಿ ತುಟಿ ಸೆರಗಲ್ಲಿ ಒರೆಸ್ತಾ ಬೀದಿಗೆ ಓಡಿದ್ಲು.

ಅಮ್ಮ ತಟ್ಟೆ ತುಂಬ ಅನ್ನ ಹಾಕ್ಕೊಂಡು, ನಿಲ್ಲೇ ನಿಲ್ಲೇ ಅಂತ ಬರಿಗಾಲಲ್ಲೇ ಹಿಂದೆ ಓಡಿದ್ರು. ಅವಳು ಒಂದ್ಸಲ ತಿರುಗಿ ನೋಡಿದ್ಲು. ಹಿಡಿಯೋಕೆ ಬರ್ತಿದಾರೆ ಅಂದ್ಕೊಂಡು ಇನ್ನೂ ಜೋರಾಗಿ ಓಡಿದ್ಲು.