ಓನರ್ ಜೇಬಿನ ಇನ್ನೊಂದು ಕೀ

“ಹತ್ತು ನಿಮಿಷದಲ್ಲಿ ಬರ್ತಾ ಇದೀನಿ, ಮನೆ ತೋರಿಸಬೇಕು” ಎಂದು ಓನರ್ ಫೋನಿನಲ್ಲಿ ಹೇಳಿದಾಗ ಟೈಲರಕ್ಕನ ಬಾಯ್ತುಂಬ ಗುಂಡುಪಿನ್ನುಗಳಿದ್ದವು. ಅವನ್ನು ಅಂಗೈಗೆ ಉಗಿದು “ಈಗ ಬೇಡ ಸಾರ್, ಟ್ರಯಲ್ ನಡೀತಾ ಇದೆ” ಅನ್ನುವಷ್ಟರಲ್ಲಿ ಆ ಕಡೆ ಫೋನು ಕಟ್ಟಾಗಿತ್ತು. ಮೇಲಿನ ಮನೆ ಬಾಡಿಗೆಗಿತ್ತು. ಅಲ್ಲಿ ಬಣ್ಣ ಬಳಿಯುತ್ತಿದ್ದುದರಿಂದ, ನೋಡಲು ಬಂದವರಿಗೆಲ್ಲ ಅದೇ ಅಳತೆಯ, ಮೊದಲ ಮಹಡಿಯಲ್ಲಿದ್ದ ಟೈಲರಕ್ಕನ ಮನೆಯನ್ನು ತೋರಿಸುವ ಉಪಾಯ ಮಹಾಶಯನಿಗೆ ಹೊಳೆದಿತ್ತು. ಈ ವಾರ ಇದು ಮೊದಲ ಸಲವೇನಲ್ಲ.

ಆದರೆ ಇವತ್ತು ಸ್ಟೂಲಿನ ಮೇಲೆ ಎರಡೂ ಕೈ ಚಾಚಿ ನಿಂತಿದ್ದವರು ಹೆಡ್‌ಮೇಡಂ. ಬೀದಿಯ ಅರ್ಧ ಜನರ ಕಿವಿ ಹಿಂಡಿ ರಿಟೈರ್ ಆದವರು. ಅವರ ಮೈಮೇಲೆ ಇದ್ದದ್ದು ಅರೆಬರೆ ಹೊಲಿದ, ಮೊಣಕಾಲುದ್ದದ ಈಜುಡುಗೆ. ಎರಡೂ ಪಕ್ಕೆಗೆ ಸಾಲಾಗಿ ಪಿನ್ನು, ಬೆನ್ನಿಗೆ ಕಚ್ಚಾ ಹೊಲಿಗೆ. ಅವಸರದಲ್ಲಿ ಬಿಚ್ಚಿದರೆ ಮೈಯೆಲ್ಲ ಗೀರು, ಮೇಲೆ ಏನಾದರೂ ಸುತ್ತಿಕೊಂಡರೆ ಪಿನ್ನು ಒಳಕ್ಕೆ. ಭಾನುವಾರ ಹಿರಿಯರ ಈಜು ಸ್ಪರ್ಧೆಯಿತ್ತು. “ಗೆದ್ದರೆ ಊರಿಗೆಲ್ಲ ನಾನೇ ಹೇಳ್ತೀನಿ. ಸೋತರೆ ನಾನು ನೀರಿಗೆ ಇಳಿದೇ ಇಲ್ಲ, ತಿಳೀತಾ?” ಎಂದು ಟೈಲರಕ್ಕನಿಂದ ಭಾಷೆ ತೆಗೆದುಕೊಂಡೇ ಅವರು ಅಳತೆ ಕೊಟ್ಟಿದ್ದರು.

ಟ್ರಯಲ್ ನಡೆಯುವಾಗ ಹೊರಗಡೆ ಬಾಗಿಲ ಹಿಡಿಗೆ ಕೆಂಪು ಟೇಪು ಕಟ್ಟುವುದು ಟೈಲರಕ್ಕನ ಪದ್ಧತಿ. ಟೇಪು ಕಂಡರೆ ಕಟ್ಟಿಕೊಂಡ ಗಂಡನೂ ಒಳಗೆ ಬರುವಂತಿಲ್ಲ, ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಿರಬೇಕು. ಆ ಒಂದು ನಂಬಿಕೆಯ ಮೇಲೆ ಹೆಂಗಸರು ಎಲ್ಲೆಲ್ಲಿಂದಲೋ ಇಲ್ಲಿಗೆ ಬರುತ್ತಿದ್ದರು. ಒಂದೇ ಒಂದು ಸಲ ಬಾಗಿಲು ತೆರೆದುಕೊಂಡರೆ ಮುಗಿಯಿತು, ಮತ್ತೆ ಯಾರು ಬರುತ್ತಾರೆ? ಇಷ್ಟು ವರ್ಷದ ಕಸುಬು ನೀರಿನಲ್ಲಿ ಹೋಮ ಮಾಡಿದಂತೆ.

“ಮೇಡಂ, ಓನರ್ ಬರ್ತಾ ಇದಾರೆ. ಅವರ ಹತ್ರ ಇನ್ನೊಂದು ಕೀ ಇದೆ.”

“ಚಿಲಕ ಹಾಕು.”

“ಅದು ಮುರಿದು ಎಷ್ಟು ದಿನ ಆಯ್ತೋ. ಹೇಳಿ ಹೇಳಿ ನನ್ನ ನಾಲಿಗೆ ಸವೀತು. ನಾಳೆ, ನಾಳೆ ಅಂತಾರೆ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೀಗೊಂಚಲಿನ ಝಣಝಣ ಕೇಳಿಸಿತು. ಟೈಲರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲಿಗೆ ಮೆಷೀನನ್ನು ದರದರ ಎಳೆದು ಬಾಗಿಲಿಗೆ ಒತ್ತಿದಳು. ಎಲ್ಲಿತ್ತೋ ಆ ಬಲ, ಅವಳಿಗೇ ಗೊತ್ತಾಗಲಿಲ್ಲ.

“ಬನ್ನಿ ಸಿಸ್ಟರ್, ಗಾಳಿ ಬೆಳಕು ಹೇಗಿದೆ ನೀವೇ ನೋಡಿ” ಎಂಬ ಓನರ್ ದನಿ, ಹಿಂದೆಯೇ ಬೀಗದ ತೂತಿಗೆ ಕೀ ಹೊಕ್ಕ ಸದ್ದು. ಮನೆ ನೋಡಲು ಬಂದವಳು ನರ್ಸ್ ಇರಬೇಕು.

“ಸಾರ್, ಒಳಗೆ ಹೆಂಗಸರಿದಾರೆ. ಟೇಪು ಕಟ್ಟಿದೀನಿ ನೋಡಿ.”

“ಟೇಪಂತೆ ಟೇಪು. ನನ್ನ ಮನೆಗೆ ನಾನು ಬರೋಕೆ ನಿನ್ನ ಟೇಪಿನ ಅಪ್ಪಣೆ ಬೇಕಾ? ಹೀಗೆ ನೋಡಿ ಹಾಗೆ ಹೋಗ್ತೀವಿ.”

“ಮನೆ ನಿಮ್ದೇ ಸಾರ್, ಇಲ್ಲ ಅಂದೋರ್ಯಾರು? ಬಾಡಿಗೆ ಕೊಟ್ಟು ಒಳಗಿರೋಳು ನಾನಲ್ವಾ. ನಾಳೆ ಬನ್ನಿ, ನಾನೇ ನಿಂತು ತೋರಿಸ್ತೀನಿ.”

“ಯಾರಮ್ಮ ಒಳಗಿರೋದು, ಅಂಥ ಮಹಾರಾಣಿ?”

ಟೈಲರಕ್ಕ ತಿರುಗಿ ನೋಡಿದಳು. ಹೆಡ್‌ಮೇಡಂ ಬೇಡ ಬೇಡ ಎಂದು ತಲೆಯಾಡಿಸಿದರು. ಕೀ ತಿರುಗಿತು. ಮೆಷೀನು ಕಿರ್ರೆಂದು ಸರಿದು ಬಾಗಿಲು ಬೆರಳಷ್ಟು ಸಂದಿ ಬಿಟ್ಟಿತು. ಟೈಲರಕ್ಕ ಬೆನ್ನು ಕೊಟ್ಟು ನಿಂತಳು.

“ಇಷ್ಟು ಸೊಕ್ಕಿದ್ರೆ ಮನೆ ಖಾಲಿ ಮಾಡು” ಎಂದಿತು ಸಂದಿ.

“ಮಾಡ್ತೀನಿ ಸಾರ್. ಇವತ್ತು ಮಾತ್ರ ಬಾಗಿಲು ತೆಗೆಯಲ್ಲ.” ಹೇಳಿದ್ದು ತಾನೇನಾ ಎಂದು ಅವಳಿಗೇ ಅನುಮಾನ. ಬಾಗಿಲಿನ ಒತ್ತಡಕ್ಕೆ ಕಾಲುಗಳು ಇಂಚಿಂಚೇ ಜಾರುತ್ತಿದ್ದವು, ಆದರೂ ಒಳಗೊಳಗೇ ಏನೋ ಖುಷಿಯಾಯಿತು.

ಹೆಡ್‌ಮೇಡಂ ಅವಳ ಕಾಲುಗಳನ್ನೇ ನೋಡುತ್ತಿದ್ದರು. ಒಮ್ಮೆ ಕಣ್ಣು ಮುಚ್ಚಿ ತೆರೆದರು.

“ಯಾರೋ ಅದು?”

ಬೆಳಗಿನ ಪ್ರಾರ್ಥನೆಗೆ ನಿಂತ ಶಾಲೆಯನ್ನೆಲ್ಲ ಗಪ್‌ಚುಪ್ ಮಾಡುತ್ತಿದ್ದ ದನಿ. ಬಾಗಿಲು ತಳ್ಳುತ್ತಿದ್ದ ಕೈ ನಿಂತಿತು.

“ಕಡೇ ಬೆಂಚಿನ ತೂಕಡಿಕೆರಾಯನಾ?”

ಹೊರಗೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. “ಹೌದು ಮೇಡಂ.”

“ಬಾಗಿಲಲ್ಲಿ ನಿಂತು ಏನು ಕೇಳಬೇಕು ಅಂತ ಹೇಳಿಕೊಟ್ಟಿದ್ದೆ?”

ತಲೆ ನರೆತ ಓನರ್, ಎರಡು ಮನೆಯ ಯಜಮಾನ, ಮೆಲ್ಲಗೆ ಕೇಳಿದ: “ಒಳಗೆ ಬರಬಹುದಾ ಮೇಡಂ?”

“ಬೇಡ. ನಾಳೆ ಬಾ. ಬರೋಕೆ ಮುಂಚೆ ಕೇಳು, ಈಕೆ ಹೂಂ ಅಂದ್ರೆ ಮಾತ್ರ ಬಾ. ಬರುವಾಗ ಕೈಯಲ್ಲಿ ಹೊಸ ಚಿಲಕ ಇರಲಿ.”

“ಆಗಲಿ ಮೇಡಂ.” ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಬೀಗ ಬಿತ್ತು.

“ಹೋಯ್ತಲ್ಲೇ ನನ್ನ ಗುಟ್ಟು” ಎಂದು ಹೆಡ್‌ಮೇಡಂ ಕೈ ಇಳಿಸಿದರು. “ಅವರು ದನಿ ಕೇಳಿದ್ದು ಮೇಡಂ, ಬಟ್ಟೆ ನೋಡಿಲ್ಲ. ಮದುವೆ ಸೀರೆಗೆ ರವಿಕೆ ಅಂದ್ಕೊಂಡಿರ್ತಾರೆ” ಎಂದಳು ಟೈಲರಕ್ಕ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕಂತೆಲ್ಲ ಪಿನ್ನು ಚುಚ್ಚುತ್ತಿತ್ತು, ಚುಚ್ಚಿದಂತೆಲ್ಲ ಮೇಡಂ ಇನ್ನಷ್ಟು ನಗುತ್ತಿದ್ದರು.

ಕೀಗೊಂಚಲು ಝಣಝಣ ಎನ್ನುತ್ತ ಮೆಟ್ಟಿಲಿಳಿಯುತ್ತಿತ್ತು. ಹಿಂದೆಯೇ, ಅಷ್ಟು ಹೊತ್ತೂ ತುಟಿ ಬಿಚ್ಚದ ನರ್ಸ್‌ನ ದನಿ ಕೇಳಿಸಿತು.

“ನೈಟ್ ಡ್ಯೂಟಿ ಮಾಡಿ ಹಗಲು ಮಲಗೋಳು ಸಾರ್ ನಾನು. ಮೇಲಿನ ಮನೇದೂ ಒಂದು ಕೀ ನಿಮ್ಮ ಜೇಬಲ್ಲೇ ಇರುತ್ತಾ?”

ಝಣಝಣ ನಡುಮೆಟ್ಟಿಲಲ್ಲೇ ನಿಂತುಹೋಯಿತು.