ನೀರು ಸೋಕಿಸಬಾರದು

ಹುಚ್ಚಯ್ಯ ಗ್ಲಾಸನ್ನು ಮೂಗಿಗೆ ಹಿಡಿದವನೇ ದಿಗ್ಗನೆ ಎದ್ದ. "ಬ್ಯಾರನ್ನಿಗೆ ಬೆಂಕಿ ಬಿದ್ದದೆ ಕಣ್ರೀ ಅಳಿಯಂದ್ರೇ!" ಎಂದು ಕೂಗಿ, ನೀರಿನ ಬಿಂದಿಗೆ ಎತ್ತಿಕೊಂಡು, ಹಿತ್ತಲಲ್ಲಿ ಹೊಗೆಸೊಪ್ಪು ಬೇಯುತ್ತಿದ್ದ ಬ್ಯಾರನ್ ಮನೆಯತ್ತ ಓಡಿದ.

ಅಳಿಯ ಧರ್ಮೇಂದ್ರನಿಗೆ ಮೈಯೆಲ್ಲ ಉರಿಯಿತು. ಒಳ್ಳೆಯ ಸ್ಕಾಚನ್ನು ಮೊದಲು ಮೂಸಬೇಕು, ಆಮೇಲೆ ಹನಿಹನಿಯಾಗಿ ಸವಿಯಬೇಕು, ನೀರು ಮಾತ್ರ ಸೋಕಿಸಬಾರದು ಎಂದು ಈ ಕಟ್ಟೆಮಳಲವಾಡಿಯ ಮಾವನಿಗೆ ಅರ್ಧ ಗಂಟೆ ಪಾಠ ಮಾಡಿದ್ದ. ಈ ಸ್ಕಾಚಿಗೆ ಹೊಗೆಯ ವಾಸನೆ ಇರುತ್ತದೆ, ಆ ಘಮಕ್ಕೇ ಅಷ್ಟು ದುಡ್ಡು ಎಂದು ಹೇಳುವುದೊಂದು ಬಾಕಿಯಿತ್ತು.

ಮಾವ ತುಂಬಿದ ಬಿಂದಿಗೆಯೊಂದಿಗೇ ಏದುಸಿರು ಬಿಡುತ್ತ ಮರಳಿದ. "ಬ್ಯಾರನ್ ನೆಟ್ಟಗದೆ" ಎನ್ನುತ್ತ ಕಿಟಕಿ, ಗೋಡೆ, ಅಳಿಯನ ಅಂಗಿ ಎಲ್ಲ ಮೂಸಿ, ಕೊನೆಗೆ ಟೀಪಾಯಿಯ ಮೇಲೆ ಬಗ್ಗಿದ. "ಓ, ಇಲ್ಲೇ ಅದೆ ಬೆಂಕಿ!"

ಧರ್ಮೇಂದ್ರ ಅಯ್ಯೋ ಎನ್ನುವಷ್ಟರಲ್ಲಿ ಬಿಂದಿಗೆ ಎರಡೂ ಗ್ಲಾಸುಗಳ ಮೇಲೆ ಮಗುಚಿತ್ತು.

"ಆರೋಯ್ತು ಬುಡಿ. ಈಗ ಕುಡೀರಿ."